ಜ್ವರ ಇಲ್ಲ ಸಿಸ್ಟರ್

ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಕೊಟ್ಟರೆ ಸರಿಹೋಗುತ್ತದೆ ಎಂದು ಓಬಳೇಶ್ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದ. ಮೊಳಕಾಲ್ಮುರಿನಲ್ಲೇ ಜ್ವರದ ಮಾತ್ರೆ ನುಂಗಿಸಿದರೆ ಡಯಾಲಿಸಿಸ್ ಮುಗಿಯುವ ಮೊದಲೇ ಅದರ ಕಸುವು ಇಳಿದು ಹೆಂಡತಿಯ ಮೈ ಮತ್ತೆ ಕಾಯುತ್ತದೆ. ತಳಕು ದಾಟಿದ ಮೇಲೆ ಕೊಟ್ಟರೆ ತಡ. ಚಳ್ಳಕೆರೆಯಲ್ಲಿ ವಾರ್ಡಿನ ಬಾಗಿಲ ಹತ್ತಿರ ಸಿಸ್ಟರ್ ಹಣೆಗೆ ಆ ಬಿಳಿ ಯಂತ್ರ ಹಿಡಿದ ಕೂಡಲೇ ಅದು ಕುಂಯ್ ಅಂದುಬಿಡುತ್ತದೆ. ಬಿ.ಜಿ. ಕೆರೆಯೇ ಸರಿ. ಈಶ್ವರಮ್ಮ ಕಿಟಕಿಯ ಸರಳಿಗೆ ತಲೆ ಆನಿಸಿ ಕೂತಿದ್ದಳು. ಮಾಸ್ಕಿನ ಮೇಲೆ ಕಾಣುತ್ತಿದ್ದ ಕಣ್ಣುಗಳ ಸುತ್ತ ಊತ. ಅಂಗೈಗೆ ಮಾತ್ರೆ ಇಟ್ಟಾಗ ಯಾವ ಮಾತ್ರೆ, ಯಾಕೆ ಅಂತ ಕೇಳಲಿಲ್ಲ. ಮಾಸ್ಕು ಇಳಿಸಿ ಬಾಯಿಗೆ ಹಾಕಿಕೊಂಡು ನೀರಿಗೆ ಕೈ ಚಾಚಿದಳು. ಅವನು ಬಾಟಲಿಯ ಮುಚ್ಚಳಕ್ಕೆ ಬಗ್ಗಿಸಿ ಒಂದು ಮುಚ್ಚಳ ನೀರು ಕೊಟ್ಟ. 'ಇಂಕೊಂಚೆಂ,' ಅಂದಳು, ಇನ್ನೊಂಚೂರು ಅಂತ. ಮನೆಯೊಳಗೆ ತೆಲುಗು, ಬೀದಿಗೆ ಇಳಿದರೆ ಕನ್ನಡ ಅಂತ ಇದ್ದವಳು ಜ್ವರ ಹತ್ತಿದಾಗಿನಿಂದ ಎಲ್ಲೆಂದರಲ್ಲಿ ತೆಲುಗೇ ಆಡುತ್ತಿದ್ದಳು. ಇನ್ನೊಂದು ಮುಚ್ಚಳ ಕೊಟ್ಟ. ಅವಳು ತುಟಿ ಸವರಿಕೊಂಡು ಬಾಟಲಿಯನ್ನೇ ನೋಡಿದಳು. ಅವನು ಅದನ್ನು ಚೀಲದ ತಳಕ್ಕೆ ತುರುಕಿ, ಅವಳ ಕಡೆ ನೋಡದೆ, ಮುಂದಿನ ಸೀಟಿನ ಕಬ್ಬಿಣ ಹಿಡಿದು ಕೂತ.

ಇವತ್ತು ಒಂದು ದಿನ ಒಳಗೆ ಬಿಟ್ಟುಕೊಂಡರೆ ಸಾಕು. ಅವನ ತಲೆಯಲ್ಲಿ ಅದೊಂದೇ ಓಡುತ್ತಿತ್ತು. ನಾಲ್ಕು ತಾಸು ಮೆಷಿನ್ನಿಗೆ ಹಾಕಿ ಆ ವಿಷ, ಆ ನೀರು ತೆಗೆದುಬಿಟ್ಟರೆ ಇವಳ ಉಸಿರು ಹಗುರಾಗುತ್ತದೆ, ಆಮೇಲೆ ಜ್ವರಕ್ಕೆ ಏನಾದರೂ ಮಾಡಿಕೊಳ್ಳಬಹುದು. ಬಾಗಿಲಲ್ಲೇ ವಾಪಸ್ ಕಳಿಸಿದರೆ? ಸೋಮವಾರ, ಗುರುವಾರ ಅಂತ ವಾರಕ್ಕೆ ಎರಡೇ ಸಲ ಸಿಗುವುದು. ಇವತ್ತು ತಪ್ಪಿದರೆ ಗುರುವಾರದವರೆಗೆ ಇವಳು ಉಳಿಯುವುದಿಲ್ಲ. ಇದು ಅವನಿಗೆ ಯಾರೂ ಹೇಳಿದ್ದಲ್ಲ, ಎರಡು ವರ್ಷದಿಂದ ಅವಳ ಪಾದದ ಊತ ಒತ್ತಿ ನೋಡಿ ನೋಡಿ ಅವನ ಹೆಬ್ಬೆರಳಿಗೆ ಗೊತ್ತಾಗಿತ್ತು. ಇವತ್ತು ಬೆಳಿಗ್ಗೆ ಒತ್ತಿದ ಗುಳಿ ಅವನು ಚಪ್ಪಲಿ ಹಾಕಿಕೊಂಡು ಬಂದರೂ ಹಾಗೇ ಇತ್ತು. ಅವನ ಬೀದಿಯ ಜಯಕ್ಕನನ್ನು ಕೊರೊನಾ ವರ್ಷದಲ್ಲಿ ಆಟೋದಲ್ಲಿ ಮಲಗಿಸಿಕೊಂಡು ಹೋಗಿದ್ದು ಕಣ್ಣಿಗೆ ಕಟ್ಟಿತ್ತು. ಅವಳಿಗೂ ಇದೇ ಕಾಯಿಲೆ, ಅವಳಿಗೂ ಜ್ವರ. ಮೊದಲು ರಿಪೋರ್ಟ್ ತನ್ನಿ ಅಂದರಂತೆ, ರಿಪೋರ್ಟ್ ತಂದರೆ ನಮ್ಮಲ್ಲಿ ಆಗಲ್ಲ ಅಂದರಂತೆ. ಯಾವ ಆಸ್ಪತ್ರೆ ಎಂದು ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೂರನೇ ದಿನ ಅದೇ ಆಟೋದಲ್ಲಿ ವಾಪಸ್ ತಂದರು. ಬೀದಿಯ ಮಗ್ಗಗಳೆಲ್ಲ ನಿಂತು ಅಷ್ಟು ನಿಶ್ಶಬ್ದವಾಗಿದ್ದನ್ನು ಅವನು ಅದಕ್ಕೆ ಮೊದಲು ಕೇಳಿರಲಿಲ್ಲ. ಅವತ್ತು ಈಶ್ವರಮ್ಮ ಬಾಗಿಲ ಸಂದಿಯಿಂದ ಇಣುಕಿ, 'ಪಾಪ, ಜ್ವರ ಅಂತ ಬಾಯ್ಬಿಟ್ಟಿದ್ದೇ ತಪ್ಪಾಯ್ತು ನೋಡು,' ಅಂದಿದ್ದಳು.

ಗಂಟಲಲ್ಲಿ ಕೆಮ್ಮು ಕೆರೆಯಿತು. ಅವನದು ಹೋದ ಮಂಗಳವಾರ ಹತ್ತಿದ ಕೆಮ್ಮು. ಅದಕ್ಕೆ ಎರಡು ದಿನ ಮೊದಲು, ಭಾನುವಾರ, ರಾಯದುರ್ಗದ ಮದುವೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವನು ಎಲೆಯ ಮೇಲೆಲ್ಲ ಸೀನುತ್ತಿದ್ದ. ಎದ್ದು ಹೋಗಲು ಸಂಕೋಚವಾಗಿ ಕೂತು ಉಂಡೆದ್ದಿದ್ದ. ಈಗ ಜ್ವರ ಬಿಟ್ಟಿದೆ, ಕೆಮ್ಮು ಬಾಲದ ಹಾಗೆ ಉಳಿದಿದೆ. ಅವನು ಮಾಸ್ಕಿನೊಳಗೆ ಬಾಯಿ ಮುಚ್ಚಿ, ಕೆಮ್ಮನ್ನು ಎದೆಯಲ್ಲೇ ಅದುಮಿ, ಕಣ್ಣಲ್ಲಿ ನೀರು ತಂದುಕೊಂಡ. ಕಂಡಕ್ಟರ್ ಒಂದು ಸಲ ತಿರುಗಿ ನೋಡಿದ. ಥೂ, ಕೆಮ್ಮಲಿಕ್ಕೂ ಕಳ್ಳನ ಹಾಗೆ ಹೆದರಬೇಕಾಯಿತಲ್ಲ ಅನ್ನಿಸಿತು. ಹಿರೇಹಳ್ಳಿ ಹೊತ್ತಿಗೆ ಈಶ್ವರಮ್ಮನ ಕುತ್ತಿಗೆ ಬೆವರತೊಡಗಿತು. ಅವನು ಹಿಂಗೈ ಇಟ್ಟು ನೋಡಿದ, ಇಳಿಯುತ್ತಿದೆ. ಅವನಿಗೆ ಆದ ಸಂತೋಷ ಎಷ್ಟಿತ್ತೆಂದರೆ, ಅವಳು ಪಕ್ಕೆ ಹಿಡಿದುಕೊಂಡು ಸಣ್ಣ ಸಣ್ಣ ಉಸಿರು ಎಳೆಯುತ್ತಿರುವುದನ್ನು ಚಳ್ಳಕೆರೆ ಬರುವವರೆಗೂ ಅವನು ಗಮನಿಸಲಿಲ್ಲ.

ವಾರ್ಡಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದರು. ಜ್ವರ, ನೆಗಡಿ, ಕೆಮ್ಮು ಇದ್ದವರು ಒಳಗೆ ಬರುವ ಮೊದಲೇ ಫೋನ್ ಮಾಡಿ ತಿಳಿಸಿ, ಕೆಳಗೆ ಒಂದು ನಂಬರು. ಎರಡು ವರ್ಷದಿಂದ ಆ ಹಾಳೆಯನ್ನು ನೋಡಿದ್ದಾನೆ. ತಿಳಿಸಿದವರನ್ನು ಏನು ಮಾಡುತ್ತಾರೆ ಅಂತ ಮಾತ್ರ ಅದರಲ್ಲಿ ಬರೆದಿರಲಿಲ್ಲ. ಆಶಾ ಸಿಸ್ಟರ್ ಬಾಗಿಲಿಗೆ ಬಂದಳು. ಸಣ್ಣ ವಯಸ್ಸಿನ, ಮಾತು ಖಡಕ್ಕಾದ ಹುಡುಗಿ. ಅವಳ ಎದುರು ನಿಂತರೆ ಓಬಳೇಶನಿಗೆ ತನ್ನ ಐವತ್ತೆರಡು ವರ್ಷ ಮರೆತುಹೋಗಿ ಹೋಂವರ್ಕ್ ಮಾಡದೆ ಬಂದವನ ಹಾಗೆ ಕೈಕಾಲು ಸಣ್ಣಗಾಗುತ್ತಿದ್ದವು. ಅವಳು ಹಣೆಗೆ ಯಂತ್ರ ಹಿಡಿದಳು. ಅದು ಸುಮ್ಮನಿತ್ತು.

'ಜ್ವರ ಗಿರ ಏನಾದ್ರೂ ಐತೇನ್ರಿ?'

'ಜ್ವರ ಇಲ್ಲ ಸಿಸ್ಟರ್,' ಅಂದ ಓಬಳೇಶ್. ಕೇಳಿದ್ದು ಈಶ್ವರಮ್ಮನನ್ನು, ಹೇಳಿದ್ದು ಇವನು.

'ಕೆಮ್ಮು?'

'ಬಸ್ಸಲ್ಲಿ ಧೂಳು ಸಿಸ್ಟರ್. ಅಷ್ಟೇ.'

ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ ಸಿಸ್ಟರ್ ಹುಬ್ಬುಗಳು ಮೇಲಕ್ಕೆ ಹೋದವು. 'ನಾಕೂವರೆ ಕೆಜಿ ಜಾಸ್ತಿ ಆಗಿದೀರಲ್ರೀ! ಮೂರೂ ಮುಕ್ಕಾಲ್ ದಿನದಾಗೆ! ನೀರು ಕುಡಿದ್ರಾ, ಕೆರೆ ಕುಡಿದ್ರಾ?' ಬೆಂಚಿನ ಮೇಲೆ ಕೂತವರು ನಕ್ಕರು. ಈಶ್ವರಮ್ಮ ತಲೆ ತಗ್ಗಿಸಿ ಸೆರಗು ಎಳೆದುಕೊಂಡಳು. ಓಬಳೇಶನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು, ಯಾಕೆಂದರೆ ಕುಡಿಸಿದವನು ಅವನು. ಪಕ್ಕದ ಮನೆ ಮಂಜಮ್ಮ ಶನಿವಾರದಿಂದ ಹೊತ್ತಿಗೊಂದು ಚೊಂಬು ಮೆಣಸಿನ ಕಷಾಯ ತಂದಿಡುತ್ತಿದ್ದಳು. ಬಿಸಿಬಿಸಿ ಕುಡಿದಷ್ಟೂ ಒಳ್ಳೇದು, ಕಫ ಎಲ್ಲಾ ಕಿತ್ಕೊಂಡ್ ಬರುತ್ತೆ ಅನ್ನುವಳು. ಉಚ್ಚೆಯೇ ಆಗದ ಇವಳಿಗೆ ಕುಡಿದದ್ದು ಎಲ್ಲಿ ಹೋಗಬೇಕು? ಗೊತ್ತಿತ್ತು, ಡಾಕ್ಟರು ಹೇಳಿದ್ದರು, ದಿನಕ್ಕೆ ಮುಕ್ಕಾಲು ಲೀಟರಿನ ಗುರುತು ಹಾಕಿದ ಬಾಟಲಿಯೇ ಮನೆಯಲ್ಲಿತ್ತು. ಆದರೆ ಜ್ವರದಲ್ಲಿ ಅವಳ ನಾಲಿಗೆ ಅಂಟುವುದನ್ನು ನೋಡಲಾರದೆ, ಕಷಾಯ ನೀರಲ್ಲವಲ್ಲ, ಔಷಧಿಯಲ್ಲವೇ ಅಂತ ತನಗೆ ತಾನೇ ಹೇಳಿಕೊಂಡು ಲೋಟ ಹಿಡಿದಿದ್ದ. ಈಗ ಸಿಸ್ಟರ್ ಮುಂದೆ ಹೆಂಡತಿ ಬೈಸಿಕೊಳ್ಳುವಾಗ ಅವನು ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ನಿಂತ.

ಒಳಗೆ ಬಿಟ್ಟರು. ಗಾಜಿನ ಈಚೆ ಬೆಂಚಿನ ಮೇಲೆ ಕೂತು ಅವನು ಆಚೆ ನೋಡಿದ. ಎಡಗೈಯಲ್ಲಿ ಸೂಜಿಗೆಂದೇ ನರ ಜೋಡಿಸಿ ಮಾಡಿದ್ದ ಗಂಟಿಗೆ ಚುಚ್ಚಿದರು, ಕೊಳವೆಯಲ್ಲಿ ಕೆಂಪು ಏರಿತು, ಮೆಷಿನ್ನು ತಿರುಗಿತು. ಅಬ್ಬಾ! ಕೈಕಾಲಿನ ಬಿಗಿ ಬಿಟ್ಟು ಅವನು ಗೋಡೆಗೆ ಒರಗಿದ. ಪಕ್ಕದ ಹಾಸಿಗೆಯಲ್ಲಿ ಯಾವತ್ತಿನ ಹಾಗೆ ದೊಡ್ಡಪಾಲಯ್ಯ. ದೊಡ್ಡಉಳ್ಳಾರ್ತಿಯ ಮುದುಕ, ಊರ ಪಕ್ಕದ ಹುಲ್ಲುಗಾವಲಾದ ಕಾವಲಿನಲ್ಲಿ ಕುರಿ ಕಾಯುತ್ತಿದ್ದವನು, ಅಲ್ಲಿ ಬೇಲಿ ಎದ್ದ ಮೇಲೆ ಕುರಿ ಮಾರಿ ಮನೆಯಲ್ಲಿ ಕೂತವನು. ಮೆಷಿನ್ನಿಗೆ ಹಾಕಿಸಿಕೊಂಡೂ ಅಕ್ಕಪಕ್ಕದವರನ್ನು ನಗಿಸುತ್ತಿದ್ದ. ಈಶ್ವರಮ್ಮನಿಗೆ ಮೊದಲ ದಿನ ಸೂಜಿ ಕಂಡು ಕೈ ಹಿಂದಕ್ಕೆ ಎಳೆದುಕೊಂಡಾಗ, 'ಹೆದರಬ್ಯಾಡ ಮಗಳೇ, ನಂದೂ ನಿಂದೂ ರೇಸು. ಯಾರ ಮಿಷಿನ್ ಮೊದ್ಲು ಮುಗಿಸ್ತೈತೋ ಅವರು ಗೆದ್ದಂಗೆ,' ಅಂದಿದ್ದನಂತೆ. ಅವಳು ಮನೆಗೆ ಬಂದು ಅದನ್ನು ಹೇಳಿ ಎರಡು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದಳು. ಈಗ ಮುದುಕ ಸುಮ್ಮನೆ ಮಲಗಿದ್ದ. ಇಬ್ಬರ ತಲೆದಿಂಬಿನ ನಡುವೆ ಒಂದು ಸ್ಟೂಲು ಇಡುವಷ್ಟು ಜಾಗ. ಓಬಳೇಶ್ ಆ ಜಾಗವನ್ನು ಅಳೆದ. ಎರಡೂವರೆ ಮೊಳ ಇರಬಹುದು. ಅವಳ ಮಾಸ್ಕು ಮೂಗಿನಿಂದ ಜಾರಿದೆಯೇ, ಸರಿಯಾಗಿದೆಯೇ? ಜಾರಿತ್ತು.

'ಸುಸ್ತಾದಂಗ್ ಕಾಣ್ತಾಳಪ್ಪ ನಿನ್ ಹೆಂಡ್ರು,' ಅಂದಳು ಪಕ್ಕದಲ್ಲಿ ಯರ್ರಮ್ಮ. ದೊಡ್ಡಪಾಲಯ್ಯನ ಹೆಂಡತಿ; ಬಾಯಿ ತುಂಬ ಮಾತಾಡುವವಳು, ಇವತ್ತು ಅವಳೂ ಮಾತು ಕಮ್ಮಿ. 'ಉಂಡ್ಳಾ ಬೆಳಿಗ್ಗೆ?'

'ಉಂಡ್ಳಕ್ಕಾ.' ಉಂಡಿರಲಿಲ್ಲ. ಇವತ್ತಿನ ಎಷ್ಟನೇ ಸುಳ್ಳು ಇದು ಅಂತ ಎಣಿಸಲು ಹೋಗಿ ಬಿಟ್ಟ. ಯರ್ರಮ್ಮನ ಕಡೆಗೆ ಉಸಿರು ಬೀಳದ ಹಾಗೆ ಮುಖ ಆ ಕಡೆ ತಿರುಗಿಸಿಕೊಂಡು ಕೂತ. ಮನೆಯಲ್ಲಿ ಅವನು ಎಷ್ಟು ಎಚ್ಚರದಿಂದ ಇದ್ದ! ಮಂಗಳವಾರ ಗಂಟಲು ಕೆರೆದ ಕೂಡಲೇ ತನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡ. ಹಾಸಿಗೆ ಮಗ್ಗದ ಕೋಣೆಗೆ ಎಳೆದುಕೊಂಡ. ರಾಯದುರ್ಗದಲ್ಲಿರುವ ಮಗಳು ಶ್ರುತಿ ಫೋನಿನಲ್ಲಿ, 'ಅಪ್ಪಾ, ಅವ್ವಂಗೆ ಅಂಟಿದ್ರೆ ತಡ್ಕಳಲ್ಲ, ನೀನು ಮಾಸ್ಕ್ ತೆಗೀಬೇಡ,' ಅಂತ ಮೂರು ಸಲ ಹೇಳಿದ್ದಳು. ತೆಗೆದಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಸೆಕೆಗೆ ಮುಖ ಬೇಯುತ್ತಿದ್ದರೂ ಮಾಸ್ಕು ಹಾಕಿಯೇ ನೇಯ್ದಿದ್ದ. ನೇಯದೆ ವಿಧಿಯಿರಲಿಲ್ಲ, ಮದುವೆ ಹೆಣ್ಣಿನ ಸೀರೆ, ಶನಿವಾರ ಇಳಿಸಿಕೊಡಲೇಬೇಕಿತ್ತು. ಈಶ್ವರಮ್ಮನೂ, 'ನಾನು ಸುಮ್ನೆ ಕೂತ್ರೆ ಸಾಯ್ತೀನಯ್ಯಾ, ಕಂಡಿಕೆ ಸುತ್ತಿ ಕೊಡ್ತೀನಿ,' ಅಂತ ಬಾಗಿಲ ಹತ್ತಿರ, ಅವನಿಂದ ದೂರದಲ್ಲಿ, ರೇಷ್ಮೆ ಎಳೆಯನ್ನು ಕಂಡಿಕೆಯ ಸಣ್ಣ ಕೊಳವೆಗೆ ಸುತ್ತುವ ರಾಟೆ ಹಾಕಿಕೊಂಡು ಕೂತಿದ್ದಳು. ಇಷ್ಟೆಲ್ಲ ಮಾಡಿದ ಮೇಲೂ ಹೆಂಗೆ ಬಂತು ಇವಳಿಗೆ? ದೇವರೇ ಮಾಡಿದ್ದು ಅನ್ನಬೇಕು, ಇನ್ನೇನು ಅನ್ನುವುದು.

ಅವನ ಅಂಗಿಯ ತೋಳಿನ ಹೊಲಿಗೆ ಬಿಟ್ಟು ಒಂದು ಎಳೆ ಜೋತಾಡುತ್ತಿತ್ತು. ಯೋಚನೆಯ ನಡುವೆ ಬೆರಳುಗಳು ಅದನ್ನು ಹಿಡಿದು ಹೊಸೆದು, ತುದಿ ಚೂಪು ಮಾಡಲು ಬಾಯಿಗೆ ತಂದವು. ಮಾಸ್ಕು ಅಡ್ಡ ಬಂತು. ಮಾಸ್ಕಿನೊಳಗೆ ತುಟಿಗಳು ಆಗಲೇ ಗುಂಡಗಾಗಿ, ಉಸಿರು ಒಳಗೆ ಎಳೆದುಕೊಂಡು ಸಿದ್ಧವಾಗಿದ್ದವು. ಕೈ ಅಲ್ಲೇ ನಿಂತಿತು. ಮೊದಲು ಏನೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಲಾಳಿ. ಅಯ್ಯೋ, ಲಾಳಿ! ಕಂಡಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿ ಖಾಲಿಯಾದಾಗ ಅವನು ಅದನ್ನು ಅವಳ ಕಡೆ ನೆಲದ ಮೇಲೆ ಜಾರಿಸುತ್ತಿದ್ದ. ಅವಳು ಹೊಸ ಕಂಡಿಕೆ ಹಾಕಿ, ಲಾಳಿಯ ಕಣ್ಣಿಗೆ ಬಾಯಿಟ್ಟು, ಚುರ್ ಅಂತ ಉಸಿರೆಳೆದು, ರೇಷ್ಮೆ ಎಳೆಯನ್ನು ಆ ಸಣ್ಣ ತೂತಿನಿಂದ ಆಚೆ ತಂದು, ವಾಪಸ್ ಜಾರಿಸುತ್ತಿದ್ದಳು. ನಡುವೆ ಎಳೆ ಹರಿದರೆ ಅವನೇ ಮಾಸ್ಕು ಗಲ್ಲಕ್ಕೆ ಇಳಿಸಿ, ಅದೇ ಕಣ್ಣಿಗೆ ಬಾಯಿಟ್ಟು ಹೀರಿ, ಮತ್ತೆ ಮಾಸ್ಕು ಏರಿಸಿಕೊಂಡು ನೇಯುತ್ತಿದ್ದ. ಅವನ ಅಪ್ಪ ಹಾಗೇ ಹೀರಿದ್ದ, ತಾತ ಹಾಗೇ ಹೀರಿದ್ದ, ಅವಳು ಹತ್ತು ವರ್ಷದವಳಿದ್ದಾಗಿನಿಂದ ಹಾಗೇ ಹೀರಿದ್ದಳು. ಅದಕ್ಕೆ ಒಂದು ಕಡ್ಡಿ ಸಿಗುತ್ತದೆ, ಕೊಕ್ಕೆ ಇರುವ ಕಡ್ಡಿ. ಅದನ್ನು ಹುಡುಕುವಷ್ಟರಲ್ಲಿ ಹೀರಿ ಮುಗಿದಿರುತ್ತದೆ. ಮಗ್ಗದಲ್ಲಿ ಕೂತವನಿಗೆ ಅದು ಬಾಯಿ ಅಂತಲೇ ಅನ್ನಿಸುವುದಿಲ್ಲ, ಅದೂ ಒಂದು ಕೈ. ಮಂಗಳವಾರ, ಬುಧವಾರ, ಗುರುವಾರ ಇಲ್ಲಿಂದ ಹೋದ ಮೇಲೆ ಸಂಜೆ, ಶುಕ್ರವಾರ. ದಿನಕ್ಕೆ ಐವತ್ತು ಸಲ ಅಂತಿಟ್ಟುಕೊಂಡರೂ... ತಟ್ಟೆ ಬೇರೆ ಮಾಡಿದ್ದನಂತೆ, ಲೋಟ ಬೇರೆ ಮಾಡಿದ್ದನಂತೆ! ಹೆಂಡತಿಯ ಬಾಯಿಗೆ ತಾನೇ ಕೈಯಾರೆ, ಎಚ್ಚರದಿಂದ, ದೂರದಲ್ಲಿ ಕೂತು ತಲುಪಿಸಿದ್ದ. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತ.

ಎರಡು ವರ್ಷದ ಹಿಂದೆ ಕಿಡ್ನಿ ಹೋಗಿದೆ ಅಂತ ಹೇಳಿದ ಡಾಕ್ಟರು, 'ಬೆನ್ನುನೋವಿನ ಮಾತ್ರೆ ಎಷ್ಟು ವರ್ಷದಿಂದ ತಗೊಳ್ತಿದ್ರಿ?' ಅಂತ ಕೇಳಿದಾಗಲೂ ಹೀಗೇ ಆಗಿತ್ತು. ಮಗ್ಗದವರು ಸಂಜೆ ಟೀ ಜೊತೆ ನುಂಗುವ ಆ ಮಾತ್ರೆಯನ್ನು ಅಂಗಡಿಯಿಂದ ತಂದು, ಅರ್ಧ ತನಗೆ ಅರ್ಧ ಅವಳಿಗೆ ಅಂತ ಮುರಿಯುತ್ತಿದ್ದವನು ಅವನೇ. ಅದರಿಂದಲೇ ಆಯಿತು ಅಂತ ಡಾಕ್ಟರು ಹೇಳಲಿಲ್ಲ, ಅದರಿಂದ ಅಲ್ಲ ಅಂತಲೂ ಹೇಳಲಿಲ್ಲ. ಈಶ್ವರಮ್ಮ ಆವತ್ತು ಅವನ ಮುಖ ನೋಡಿ, 'ಏಮೀ ಕಾದು ಲೇಯ್ಯಾ,' ಏನೂ ಆಗಲ್ಲ ಬಿಡು ಅಂತ, ತನಗೆ ರೋಗ ಬಂದಿದ್ದರೂ ಇವನನ್ನೇ ಸಮಾಧಾನ ಮಾಡಿದ್ದಳು. ಆ ಸಮಾಧಾನ ಇವನನ್ನು ಇವತ್ತಿನವರೆಗೂ ಸುಟ್ಟಿದೆ. ಬೈದಿದ್ದರೆ ಚೆನ್ನಾಗಿತ್ತು.

'ಏಯ್, ನೋಡಪ್ಪಾ! ನಿನ್ ಹೆಂಡ್ರು ನಡುಗ್ತಾವಳೆ!' ಯರ್ರಮ್ಮ ಎದ್ದು ನಿಂತಿದ್ದಳು.

ಹಾಸಿಗೆ ಅಲುಗುವಷ್ಟು ನಡುಕ. ಹಲ್ಲು ಕಟಕಟ ಅನ್ನುವುದು ಗಾಜಿನ ಈಚೆಗೂ ಕಾಣುತ್ತಿತ್ತು. ಆಶಾ ಸಿಸ್ಟರ್ ಓಡಿ ಬಂದು ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು, ಅಂಕಿ ನೋಡಿದಳು, ಇನ್ನೊಂದು ಬೆರಳಿಗೆ ಸಿಕ್ಕಿಸಿದಳು, ಆಕ್ಸಿಜನ್ ಎಳೆದು ಮೂಗಿಗೆ ಹಚ್ಚಿದಳು. ಹಣೆಗೆ ಯಂತ್ರ ಹಿಡಿದಾಗ ಈ ಸಲ ಅದು ಕುಂಯ್ ಅಂತು. ಅವಳು ಬಾಗಿಲು ತೆಗೆದು ಬೆರಳಲ್ಲಿ ಇವನನ್ನು ಕರೆದಳು. ಓಬಳೇಶ್ ಎದ್ದು ಒಳಗೆ ಹೋದ.

'ನೂರಾ ಎರಡು ಐತೆ. ಆಕ್ಸಿಜನ್ ಎಂಬತ್ತೊಂಬತ್ತು. ಯಾವಾಗಿಂದ ಜ್ವರ?'

ಹೇಳಿಬಿಡು ಅಂತು ಮನಸ್ಸು. ಹೇಳಿದರೆ ಈಗಲೂ ಸೂಜಿ ಕಿತ್ತು ಕೆಳಗಿಳಿಸುತ್ತಾರೆ ಅಂತು ಅದೇ ಮನಸ್ಸು. 'ಈಗಷ್ಟೇ ಸಿಸ್ಟರ್... ಬರುವಾಗ ಚೆನ್ನಾಗಿದ್ಲು.'

'ಶುಕ್ರವಾರದಿಂದ ಐತಮ್ಮಾ,' ಅಂತು ಹಾಸಿಗೆಯ ಮೇಲಿನ ದನಿ. ಈಶ್ವರಮ್ಮ ಕಣ್ಣು ಮುಚ್ಚಿಕೊಂಡೇ, ಒಂದೊಂದು ಮಾತಿಗೂ ನಿಂತು ಉಸಿರೆಳೆದು ಹೇಳಿದಳು. 'ಗುರುವಾರ ಗಂಟ್ಲು. ಶುಕ್ರವಾರ ಜ್ವರ. ಮಾತ್ರೆ ತಗೊಂಡ್ ಬಂದೀನಿ. ಆಯಪ್ಪನ್ನ ಬೈಬೇಡ ತಾಯಿ. ನೀವು ವಾಪಸ್ ಕಳಿಸ್ತೀರಿ ಅಂತ ಹೆದರ್ಕೊಂಡವ್ನೆ.'

ಸಿಸ್ಟರ್ ಬೈದಿದ್ದರೆ ಅವನು ತಲೆ ಕೊಟ್ಟು ನಿಲ್ಲುತ್ತಿದ್ದ. ಅವಳು ಬೈಯಲಿಲ್ಲ. 'ವಾಪಸ್ ಕಳ್ಸೋಕೆ ನಾವೇನು ರಾಕ್ಷಸರೇನ್ರಿ? ಜ್ವರ ಬಂದ್ರೆ ಡಯಾಲಿಸಿಸ್ ತಪ್ಪಿಸ್ಬಾರ್ದು ಅಂತ ನಾವೇ ಬಡ್ಕೊಳ್ತೀವಿ. ಆ ಮೂಲೇಲಿ ಮೆಷಿನ್ ಕಾಣ್ತೈತಾ? ಇಂಥೋರಿಗೇ ಅಂತ ಇಟ್ಟಿರೋದು. ಒಂದ್ ಫೋನ್ ಮಾಡಿದ್ರೆ ಕೊನೇ ಪಾಳಿಗೆ ಕರೆಸಿ ಅಲ್ಲಿ ಹಾಕ್ತಿದ್ದೆ. ಶನಿವಾರನೇ ಕರ್ಕೊಂಡ್ ಬಂದಿದ್ರೆ ಆಗ್ಲೇ ಮಾತ್ರೆ ಶುರು ಮಾಡ್ತಿದ್ರು ಡಾಕ್ಟ್ರು.'

ಓಬಳೇಶ್ ಮೂಲೆಯ ಮೆಷಿನ್ನನ್ನು ನೋಡಿದ. ಎರಡು ವರ್ಷದಿಂದ ಅದು ಅಲ್ಲೇ ಇತ್ತು. ಕೆಟ್ಟು ನಿಂತದ್ದು ಅಂದುಕೊಂಡಿದ್ದ. ಆಶಾ ಸಿಸ್ಟರ್ ಫೋನಿನಲ್ಲಿ ಡಾಕ್ಟರ ಜೊತೆ ಮಾತಾಡುತ್ತಿದ್ದಳು. ಮೂಗಿನಿಂದ ಕಡ್ಡಿಯಲ್ಲಿ ತೆಗೆದು ಪರೀಕ್ಷೆಗೆ ಕಳಿಸುವುದು, ನೀರು ನಿಧಾನಕ್ಕೆ ತೆಗೆಯುವುದು, ಫ್ಲೂ ಇರಬಹುದು, ಕಿಡ್ನಿಯವರಿಗೆ ಫ್ಲೂ ಮಾತ್ರೆಯ ಅಳತೆ ಬೇರೆ, ಡಯಾಲಿಸಿಸ್ ಮುಗಿದ ಮೇಲೇ ಕೊಡಬೇಕು, ಎದೆಯ ಫೋಟೋ, ಆಮೇಲೆ ಆಂಬ್ಯುಲೆನ್ಸಿನಲ್ಲಿ ಚಿತ್ರದುರ್ಗ. ಫೋನು ಇಟ್ಟು, 'ಉಸಿರಾಟ ಸ್ವಲ್ಪ ನೀರಿಂದ, ಸ್ವಲ್ಪ ಸೋಂಕಿಂದ. ನೀರು ನಾವು ತೆಗೀತೀವಿ. ಸೋಂಕು ಪುಪ್ಪುಸಕ್ಕೆ ಎಷ್ಟು ಇಳಿದೈತೋ ಈಗ್ಲೇ ಹೇಳೋಕಾಗಲ್ಲ,' ಅಂದಳು. ಉಳೀತಾಳಾ ಅಂತ ಕೇಳಬೇಕು ಅಂತ ಬಾಯಿ ತೆರೆದವನು, 'ಆಗ್ಲಿ ಸಿಸ್ಟರ್,' ಅಂದ.

'ಹಂಗಂದ್ರೆ ಆಗಲ್ಲ. ನಿಮಗೂ ಕೆಮ್ಮೈತೆ, ನಂಗೆ ಕೇಳ್ಸಲ್ವಾ? ನಿಮ್ಮ ಪರೀಕ್ಷೆನೂ ಆಗ್ಬೇಕು.' ಅವಳು ತನ್ನ ಮಾಸ್ಕಿನ ಮೇಲೆ ಇನ್ನೊಂದು ಮಾಸ್ಕು ಕಟ್ಟಿಕೊಂಡಳು. 'ಈ ಹೊತ್ತು ಈ ಪಾಳೀಲಿ ಏಳು ಜನ ಪೇಷಂಟ್ಸ್ ಅವ್ರೆ. ಎಲ್ರಿಗೂ ಇದೇ ಕಿಡ್ನಿ ಕಾಯ್ಲೆ, ಎಲ್ರ ಮೈಯಾಗೂ ಇಷ್ಟೇ ಬಲ. ನಾನು ಹಾಸ್ಗೆ ದೂರ ಮಾಡಿಸ್ತೀನಿ. ಆಚೆ ಕೂತಿರೋ ಅವ್ರ ಮನೇರಿಗೆ ನೀವು ಹೇಳಿ. ನೀವೇ ಹೇಳ್ಬೇಕು. ಕೆಮ್ಮು ಜ್ವರ ಕಂಡ್ರೆ ಅವತ್ತೇ ಫೋನ್ ಮಾಡಿ ಅಂತ.'

ಆಚೆ ಹೋಗುವ ಮೊದಲು ಅವನು ಹಾಸಿಗೆಯ ಹತ್ತಿರ ಹೋದ. ಈಶ್ವರಮ್ಮ ಕಣ್ಣು ತೆರೆದಳು. ಕೊಳವೆ ಹಚ್ಚಿದ ಮೂಗು ಬೇರೆ ಯಾರದೋ ಹಾಗೆ ಕಂಡಿತು. 'ಲಾಳಿಯಿಂದ ಕಣೇ,' ಅಂದ ಅವನು, ಹೇಳದೆ ಇರಲಾಗಲಿಲ್ಲ. 'ನಾನು ಬಾಯಿಟ್ಟಿದ್ದಕ್ಕೇ ನೀನೂ ಬಾಯಿಟ್ಟೆ.' ಏಮೀ ಕಾದು ಅನ್ನುತ್ತಾಳೆ ಅಂತ ಕಾದ. ಅವಳು ಅನ್ನಲಿಲ್ಲ. 'ಭಯಂಗಾ ಉಂದಯ್ಯಾ,' ಅಂದಳು, ಭಯ ಆಗ್ತಾ ಐತೆ ಅಂತ. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು. ಅವನಿಗೆ ಅವಳ ಕೈ ಹಿಡಿಯಬೇಕು ಅನ್ನಿಸಿತು, ಹಿಡಿದರೆ ಏನು ಅಂಟುತ್ತದೋ ಅಂತ ಹೆದರಿ, ಹೊದಿಕೆಯ ಮೇಲಿನಿಂದ ಪಾದ ಒತ್ತಿ ಆಚೆ ಬಂದ.

ಬೆಂಚಿನ ಮೇಲೆ ಆಗ ಯರ್ರಮ್ಮ ಒಬ್ಬಳೇ ಇದ್ದಳು, ಉಳಿದವರು ಟೀ ಕುಡಿಯಲು ಹೋಗಿದ್ದರು. ಅವನು ಗೋಡೆಯ ಪಕ್ಕ, ಅವಳಿಂದ ದೂರ ನಿಂತು ಹೇಳಿದ. ಹೇಳುವಾಗ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಜ್ವರ ಶುಕ್ರವಾರದಿಂದಲೇ ಇತ್ತು ಅಕ್ಕಾ, ಮುಚ್ಚಿಟ್ಟು ಕರ್ಕೊಂಡ್ ಬಂದೆ, ತಪ್ಪಾಯ್ತು, ದೊಡ್ಡಪಾಲಯ್ಯನವ್ರನ್ನ ಸ್ವಲ್ಪ ನೋಡ್ಕೋರಿ. ಅವಳು ಶಾಪ ಹಾಕಲಿ, ಎದ್ದು ಬಂದು ಹೊಡೆಯಲಿ ಅಂತ ಕಾದ. ಯರ್ರಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಗಾಜಿನ ಕಡೆ ಒಂದು ಸಲ, ಇವನ ಕಡೆ ಒಂದು ಸಲ ನೋಡಿದಳು. ಆಮೇಲೆ ದನಿ ಇಳಿಸಿ, 'ನಮ್ಮೋರ್ಗೂ ಸುಡ್ತಾ ಐತಪ್ಪಾ,' ಅಂದಳು. 'ಮೊನ್ನೆ ಸಂಜೆಯಿಂದ. ನಾನೂ ಮಾತ್ರೆ ನುಂಗ್ಸೇ ಕರ್ಕಂಡ್ ಬಂದಿವ್ನಿ. ಹೇಳಬ್ಯಾಡ ಕಣಪ್ಪಾ, ನಿನ್ ಕಾಲಿಗ್ ಬೀಳ್ತೀನಿ. ಮಿಷಿನ್ನಿಂದ ಇಳಿಸಿಬಿಟ್ಟಾರು.'

ಅವನೊಳಗೆ ಏನೋ ಕುಣಿಯಿತು. ಹಾಗಾದರೆ ಮುದುಕನಿಂದ ಬಂತು! ಪಕ್ಕದ ಹಾಸಿಗೆ, ಮಾಸ್ಕು ಕೆಳಗಿಳಿಸಿ ಮಾತಾಡುವ ಮುದುಕ. ಲಾಳಿಯಿಂದ ಅಲ್ಲ, ತನ್ನಿಂದ ಅಲ್ಲ! ಎದೆ ಅಷ್ಟಗಲ ಆಯಿತು, ಉಸಿರು ಸಲೀಸಾಗಿ ಆಡಿತು. ಒಂದು ನಿಮಿಷ ಅವನು ಆ ಸುಖದಲ್ಲೇ ನಿಂತಿದ್ದ. ಆಮೇಲೆ ಬೇಡವೆಂದರೂ ದಿನಗಳು ಒಂದೊಂದಾಗಿ ಎಣಿಸಿಕೊಂಡವು. ಮುದುಕನಿಗೆ ಶನಿವಾರ ಸಂಜೆ. ಈಶ್ವರಮ್ಮನಿಗೆ ಶುಕ್ರವಾರ. ಅದಕ್ಕೂ ಮುಂಚೆ ಗುರುವಾರ, ಗಂಟಲು ಕೆರೀತಾ ಐತೆ ಅಂದವಳನ್ನು, ಧೂಳು ಕಣೇ ಅಂತ ಹೇಳಿ ಇದೇ ಬಸ್ಸು ಹತ್ತಿಸಿ, ಇದೇ ಮುದುಕನ ಪಕ್ಕ ನಾಲ್ಕು ತಾಸು ಮಲಗಿಸಿದ್ದ. ಮಂಗಳವಾರ ತನಗೆ. ಅದು ಬಂದ ದಾರಿ ಎಷ್ಟು ನೇರವಾಗಿತ್ತೆಂದರೆ ಎಲ್ಲೂ ಅನುಮಾನಕ್ಕೆ ಎಡೆಯಿರಲಿಲ್ಲ. ತಾನು ಒಂದು ನಿಮಿಷ ಸಂತೋಷಪಟ್ಟೆನಲ್ಲ ಅಂತ ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತು.

ಅವನು ಬಾಗಿಲ ಕಡೆ ತಿರುಗಿದ. ಯರ್ರಮ್ಮ ಹಿಂದಿನಿಂದ ಅಂಗಿ ಹಿಡಿದುಕೊಂಡಳು. 'ಬ್ಯಾಡಪ್ಪಾ, ಬ್ಯಾಡ, ನಿನ್ ಹೆಂಡ್ರುದು ಗೊತ್ತಾಗಿ ಹೋತು, ನಮ್ಮೋರ್ದು ಇನ್ನೂ ಅರ್ಧನೂ ಆಗಿಲ್ಲ!' ಅವಳ ಹಿಡಿತದಲ್ಲಿ ಅಷ್ಟು ಬಲವಿದೆ ಅಂತ ಅವನು ಎಣಿಸಿರಲಿಲ್ಲ. ಅವಳನ್ನೂ ಎಳೆದುಕೊಂಡೇ ಎರಡು ಹೆಜ್ಜೆ ಹೋಗಿ ಗಾಜಿಗೆ ಬಡಿದ. ಆಶಾ ಸಿಸ್ಟರ್ ತಿರುಗಿದಳು.

'ದೊಡ್ಡಪಾಲಯ್ಯನವರ್ಗೂ ಜ್ವರ ಐತೆ ಸಿಸ್ಟರ್. ಶನಿವಾರದಿಂದ.'

'ನಿನ್ ಬಾಯಿಗ್ ಮಣ್ಣಾಕ!' ಯರ್ರಮ್ಮ ಅಂಗಿ ಬಿಟ್ಟು ಅವನ ಬೆನ್ನಿಗೆ ಗುದ್ದಿದಳು. ಒಂದು, ಎರಡು, ಮೂರು. ಅವನು ಗಾಜಿಗೆ ಹಣೆ ಆನಿಸಿ ಗುದ್ದಿಸಿಕೊಂಡ. ಒಳಗೆ ಸಿಸ್ಟರ್ ಮುದುಕನ ಹಣೆ ಮುಟ್ಟಿದಳು, ಬೆರಳಿಗೆ ಕ್ಲಿಪ್ಪು ಹಾಕಿದಳು, ಏನೋ ಕೇಳಿದಳು. ಸೂಜಿ ಕೀಳಲಿಲ್ಲ. ಮೆಷಿನ್ನು ನಿಲ್ಲಿಸಲಿಲ್ಲ. ಪರದೆ ತಂದು ಎರಡು ಹಾಸಿಗೆಗಳನ್ನೂ ಉಳಿದವರಿಂದ ಮರೆ ಮಾಡಿದಳು. ಯರ್ರಮ್ಮನ ಕೈ ನಿಧಾನವಾಗಿ, ನಿಂತಿತು.

'ಇಳಿಸಲ್ವಾ?' ಅಂದಳು.

'ಇಳಿಸಲ್ಲಕ್ಕಾ. ಇಳಿಸ್ತಾರೆ ಅಂದ್ಕೊಂಡಿದ್ದು ನಮ್ ತಪ್ಪು.'

ಅವಳು ಅಲ್ಲೇ ನೆಲಕ್ಕೆ ಕುಸಿದು ಕೂತಳು. ಸೆರಗಿನಿಂದ ಕಣ್ಣು, ಮೂಗು ಒರೆಸಿಕೊಂಡಳು. ಈಗ ಅವಳ ಮುಖದಲ್ಲಿ ಅವನ ಮೇಲೆ ಸಿಟ್ಟಿರಲಿಲ್ಲ. ಒಂದೇ ಕಷ್ಟಕ್ಕೆ ಸಿಕ್ಕಿದವರು ನಾವಿಬ್ಬರು ಅನ್ನುವ ಸಲಿಗೆ ಬಂದಿತ್ತು. 'ಮನೆ ಬಿಟ್ಟು ಹೊಸಲು ದಾಟಲ್ಲ ಕಣಪ್ಪಾ ನಮ್ಮೋರು. ಮಕ್ಕಳು ಮರಿ ಯಾರ್ನೂ ಹತ್ರ ಬಿಟ್ಕಳಲ್ಲ. ಇಲ್ಲಿಗ್ ಬಂದ್ರು, ಮನೆಗ್ ಹೋದ್ರು, ಅಷ್ಟೇ. ಎಲ್ಲಿಂದ ಅಂಟ್ಕಂತೋ ಹಾಳಾದ್ದು?'

ಪರದೆಯ ಕೆಳಗೆ ಈಶ್ವರಮ್ಮನ ಹಾಸಿಗೆಯ ಕಾಲುಗಳು ಕಾಣುತ್ತಿದ್ದವು. ಅವು ಈಗ ಅಲುಗುತ್ತಿರಲಿಲ್ಲ. ನಡುಕ ನಿಂತಿದ್ದಕ್ಕೋ, ಬೇರೆ ಯಾವುದಕ್ಕೋ. ಅವನಿಗೆ ಒಳಗೆ ಓಡಿ ನೋಡಬೇಕು ಅನ್ನಿಸಿತು, ನೋಡಲು ಧೈರ್ಯ ಬರಲಿಲ್ಲ. ಯರ್ರಮ್ಮ ಮುಖ ಎತ್ತಿ ಅವನ ಉತ್ತರಕ್ಕೆ ಕಾಯುತ್ತಿದ್ದಳು.

'ನನ್ನಿಂದ ಅಕ್ಕಾ,' ಅಂದ ಓಬಳೇಶ್.

ಅವಳಿಗೆ ಅರ್ಥವಾಗಲಿಲ್ಲ. 'ಬಿಡಪ್ಪಾ, ಹಂಗೆಲ್ಲಾ ಅನ್ಕಾಬ್ಯಾಡ. ನೀನೇನ್ ಮಾಡ್ದೆ ಪಾಪ,' ಅಂತ, ತಾನೇ ಗುದ್ದಿದ ಬೆನ್ನನ್ನು ಎದ್ದು ಬಂದು ಸವರತೊಡಗಿದಳು.